ನಮೋ ಮರಿಯ: ಕೊನೆಯ ಗಳಿಗೆಗೆ ಮಾತ್ರವೇ?



ಅಮೆರಿಕ ದೇಶದಲ್ಲಿ ಒಂದು ಮಾತು ಬಹಳ ಬಳಕೆಯಲ್ಲಿದೆ. ಮುಳುಗುತ್ತಿರುವ ವ್ಯಾಪಾರವನ್ನು ಉಳಿಸಿಕೊಳ್ಳಲು ಮಾಲೀಕನು ಕಟ್ಟಕಡೆಗೆ ಒಂದು ಸಾಹಸಕ್ಕೆ ಕೈ ಹಾಕಿದರೆ, ಸೋಲು ಖಚಿತವೆಂದು ತಿಳಿದ ಅಭ್ಯರ್ಥಿ ಚುನಾವಣೆಯ ಹಿಂದಿನ ದಿನ ದೊಡ್ಡದೊಂದು ಘೋಷಣೆ ಮಾಡಿದರೆ, ಅಲ್ಲಿಯ ಪತ್ರಿಕೆಗಳು ಅದನ್ನು ‘ಹೇಲ್ ಮೇರಿ’ ಎಂದು ಕರೆಯುತ್ತವೆ. ದೇವರನ್ನು ನಂಬದವರು ಕೂಡ ಯಾವ ಅಳುಕೂ ಇಲ್ಲದೆ ಈ ಮಾತನ್ನು ಆಡುತ್ತಾರೆ.

‘ಹೇಲ್ ಮೇರಿ’ ಎಂದರೆ ಬೇರೇನೂ ಅಲ್ಲ, ನಾವು ಜಪಸರದಲ್ಲಿ ಹೇಳುವ ‘ನಮೋ ಮರಿಯ’ ಪ್ರಾರ್ಥನೆಯೇ. ದೇವದೂತ ಗಬ್ರಿಯೇಲನ ವಂದನೆ, ಎಲಿಜಬೇತಮ್ಮನವರ ಹೊಗಳಿಕೆ, ಧರ್ಮಸಭೆಯ ಬಿನ್ನಹ, ಈ ಮೂರೂ ಕೂಡಿರುವ ಪವಿತ್ರ ಪ್ರಾರ್ಥನೆ ಅದು. ಅಂಥ ಪ್ರಾರ್ಥನೆಗೆ ‘ಬೇರೆ ದಾರಿಯಿಲ್ಲದಾಗ ಕಣ್ಣು ಮುಚ್ಚಿ ಮಾಡುವ ಕೊನೆಯ ಪ್ರಯತ್ನ’ ಎಂಬ ಅರ್ಥ ಬಂದದ್ದು ಹೇಗೆ? ಇದರ ಹಿಂದೆ ಒಬ್ಬ ಕಥೋಲಿಕ ಆಟಗಾರರ ಕಥೆಯಿದೆ. ಆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ತಿಳಿದಾಗ, ಲೋಕವು ಈ ಮಾತಿಗೆ ಕೊಟ್ಟಿರುವ ಅರ್ಥ ತಲೆಕೆಳಗಾಗಿದೆ ಎಂಬುದು ಗೊತ್ತಾಗುತ್ತದೆ. ನಮ್ಮ ನಿಮ್ಮ ಪ್ರಾರ್ಥನಾ ಜೀವನವೂ ಎಷ್ಟೋ ಸಾರಿ ಹಾಗೆಯೇ ತಲೆಕೆಳಗಾಗಿದೆ ಎಂಬುದೂ ಗೊತ್ತಾಗುತ್ತದೆ.

ಆಟ ಮತ್ತು ಆಟಗಾರ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಮಕ್ಕಳು ಶಾಲೆಯ ಮೈದಾನದಲ್ಲಿ ಆಡುವ ಫುಟ್‌ಬಾಲನ್ನಲ್ಲ. ಅಲ್ಲಿಯ ಚೆಂಡು ಎರಡೂ ತುದಿ ಚೂಪಾಗಿ ಮೊಟ್ಟೆಯ ಹಾಗೆ ಇರುತ್ತದೆ. ಅದನ್ನು ಕಾಲಿನಿಂದ ಒದೆಯುವುದು ಕಡಿಮೆ. ಹಿಡಿದುಕೊಂಡು ಓಡುವುದು, ಕೈಯಿಂದ ಎಸೆಯುವುದು ಹೆಚ್ಚು. ಒಂದೊಂದು ಕಡೆ 11 ಜನ, 100 ಗಜ ಉದ್ದದ ಮೈದಾನ, 60 ನಿಮಿಷಗಳ ಆಟ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ ನಾಲ್ಕು ಅವಕಾಶಗಳು. ಅಷ್ಟರೊಳಗೆ 10 ಗಜ ಮುಂದೆ ಸಾಗಬೇಕು. ಇಲ್ಲದಿದ್ದರೆ ಚೆಂಡು ಎದುರಾಳಿಗಳ ಪಾಲು.

ಈ ಆಟದಲ್ಲಿ ಎಲ್ಲರ ಕಣ್ಣು ಒಬ್ಬನ ಮೇಲೆ ಇರುತ್ತದೆ. ಅವನೇ ಕ್ವಾರ್ಟರ್‌ಬ್ಯಾಕ್. ಪ್ರತಿ ಬಾರಿಯೂ ಚೆಂಡು ಮೊದಲು ಬರುವುದು ಅವನ ಕೈಗೆ. ತನ್ನವರು ಯಾರು ಎಲ್ಲಿಗೆ ಓಡುತ್ತಿದ್ದಾರೆ, ಎದುರಾಳಿಗಳು ಯಾರನ್ನು ಕಾಯುತ್ತಿದ್ದಾರೆ ಎಂದು ಎರಡು ಮೂರು ಸೆಕೆಂಡುಗಳಲ್ಲಿ ನೋಡಿ ಅವನು ಚೆಂಡನ್ನು ಎಸೆಯಬೇಕು. ಅಷ್ಟು ಹೊತ್ತಿಗೆ ಕ್ವಿಂಟಾಲಿಗೂ ಮೀರಿ ತೂಗುವ ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಗೆದ್ದರೆ ಹೊಗಳಿಕೆಯೆಲ್ಲ ಅವನಿಗೆ, ಸೋತರೆ ನಿಂದೆಯೂ ಅವನಿಗೇ. ಆ ಎರಡು ಮೂರು ಸೆಕೆಂಡುಗಳಲ್ಲಿ ಕುಳಿತು ಯೋಚಿಸಲು ಸಮಯವಿಲ್ಲ. ಹಿಂದೆ ಸಾವಿರಾರು ಸಲ ಅಭ್ಯಾಸ ಮಾಡಿ ಮೈಗೂಡಿಸಿಕೊಂಡದ್ದು ಮಾತ್ರ ಆಗ ಕೆಲಸಕ್ಕೆ ಬರುತ್ತದೆ.

ಅಂಥ ಒಬ್ಬ ಕ್ವಾರ್ಟರ್‌ಬ್ಯಾಕ್ ರೋಜರ್ ಸ್ಟಾಬಾಕ್. 1942ರ ಫೆಬ್ರವರಿ 5ರಂದು ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದಲ್ಲಿ ಜನಿಸಿದ ಅವರು ತಂದೆತಾಯಿಗೆ ಒಬ್ಬನೇ ಮಗ. ಮರಿಯನಿಸ್ಟ್ ಸಭೆಯವರು ನಡೆಸುತ್ತಿದ್ದ ಪರ್ಸೆಲ್ ಪ್ರೌಢಶಾಲೆಯಲ್ಲಿ ಓದಿದವರು. ಮರಿಯ ಮಾತೆಯ ಹೆಸರನ್ನೇ ಹೊತ್ತ ಸಭೆಯ ಶಾಲೆ ಅದು ಎಂಬುದನ್ನು ಗಮನಿಸಿ. ಮುಂದೆ ಅವರು ಡಲ್ಲಾಸ್ ಕೌಬಾಯ್ಸ್ ತಂಡದ ಪರವಾಗಿ 1969ರಿಂದ 1979ರವರೆಗೆ ಆಡಿದರು.

ಆ ದಿನ ನಡೆದದ್ದು

1975ರ ಡಿಸೆಂಬರ್ 28. ಕ್ರಿಸ್ಮಸ್ ಕಳೆದು ಮೂರು ದಿನ. ಮಿನೆಸೋಟ ರಾಜ್ಯದ ಬ್ಲೂಮಿಂಗ್ಟನ್ ಮೈದಾನದಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ ಎದುರು ಕೌಬಾಯ್ಸ್ ಆಡುತ್ತಿದ್ದರು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ವೈಕಿಂಗ್ಸ್ ಆ ವರ್ಷದ ಬಲಿಷ್ಠ ತಂಡ. 14 ಪಂದ್ಯಗಳಲ್ಲಿ 12ನ್ನು ಗೆದ್ದು ಬಂದಿತ್ತು. ಕೊನೆಯ ಎರಡು ನಿಮಿಷ ಉಳಿದಿರುವಾಗ ವೈಕಿಂಗ್ಸ್ 14, ಕೌಬಾಯ್ಸ್ 10.

ಡಲ್ಲಾಸಿನವರಿಗೆ ನಾಲ್ಕನೇ ಅವಕಾಶ ಮಾತ್ರ ಉಳಿದಿತ್ತು; ಇನ್ನೂ 16 ಗಜ ಹೋಗಬೇಕಿತ್ತು. ಸ್ಟಾಬಾಕ್ ಡ್ರೂ ಪಿಯರ್ಸನ್ ಎಂಬ ಜೊತೆಗಾರರಿಗೆ ಚೆಂಡು ಎಸೆದು ಆ ಗಂಡಾಂತರದಿಂದ ಪಾರಾದರು. ಗಡಿಯಾರದಲ್ಲಿ ಅರ್ಧ ನಿಮಿಷದಷ್ಟೇ ಸಮಯವಿದ್ದಾಗ ಮೈದಾನದ ನಡುಭಾಗದಿಂದ ಮತ್ತೊಮ್ಮೆ ಎಸೆದರು. ಚೆಂಡು ಸುಮಾರು 50 ಗಜ ದೂರ ಹಾರಿತು. ಅಂದುಕೊಂಡದ್ದಕ್ಕಿಂತ ಸ್ವಲ್ಪ ಹಿಂದೆಯೇ ಇಳಿಯತೊಡಗಿತು. ಪಿಯರ್ಸನ್ ಓಟವನ್ನು ತಡೆದು ಹಿಂದೆ ಬಾಗಿ, ಕೈಗೂ ಸೊಂಟಕ್ಕೂ ನಡುವೆ ಚೆಂಡನ್ನು ಸಿಕ್ಕಿಸಿಕೊಂಡು ಗೆರೆ ದಾಟಿದರು. ಕೌಬಾಯ್ಸ್ 17, ವೈಕಿಂಗ್ಸ್ 14.

ಆಟ ಮುಗಿದ ಮೇಲೆ ಪತ್ರಕರ್ತರು ಕೇಳಿದಾಗ, ಕಣ್ಣು ಮುಚ್ಚಿ ಒಂದು ‘ನಮೋ ಮರಿಯ’ ಹೇಳಿದೆ ಎಂದು ಸ್ಟಾಬಾಕ್ ಉತ್ತರಿಸಿದರು. ಕಥೋಲಿಕ ಮನೆಯಲ್ಲಿ ಬೆಳೆದವರ ಬಾಯಲ್ಲಿ ಸಹಜವಾಗಿ ಬರುವ ಮಾತು. ನೋಟರ್ ಡೇಮ್‌ನಂಥ ಕಥೋಲಿಕ ಕಾಲೇಜುಗಳ ಆಟಗಾರರ ನಡುವೆ ಈ ಮಾತು ಮೊದಲೇ ಇತ್ತು. ಆದರೆ ಅಂದಿನಿಂದ ಅದು ಇಡೀ ದೇಶದ ಮಾತಾಯಿತು. ಕೊನೆಯ ಗಳಿಗೆಯಲ್ಲಿ ಎಸೆಯುವ ಉದ್ದನೆಯ ಚೆಂಡಿಗೆಲ್ಲ ‘ಹೇಲ್ ಮೇರಿ’ ಎಂದೇ ಹೆಸರಾಯಿತು. ಬಳಿಕ ಮೈದಾನವನ್ನೂ ದಾಟಿ ಅಂಗಡಿ, ಕಚೇರಿ, ರಾಜಕೀಯಕ್ಕೂ ಹಬ್ಬಿತು.

ಲೋಕ ನೋಡಿದ್ದು ಇಷ್ಟು: ಒಂದು ಎಸೆತ, ಒಂದು ಪ್ರಾರ್ಥನೆ, ಒಂದು ಗೆಲುವು. ಲೋಕ ನೋಡದೆ ಬಿಟ್ಟದ್ದು ಬಹಳ.

ಯಾರೂ ನೋಡದ ವರ್ಷಗಳು

ಸ್ಟಾಬಾಕ್ ಅಮೆರಿಕದ ನೌಕಾಪಡೆಯ ಅಕಾಡೆಮಿಯಲ್ಲಿ ಓದಿದವರು. 1963ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಕಾಲೇಜು ಆಟಗಾರರಿಗೆ ಕೊಡುವ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಪ್ರಶಸ್ತಿ ಅವರಿಗೆ ದೊರೆಯಿತು. ಬೇರೆಯವರಾಗಿದ್ದರೆ ಮರುವರ್ಷವೇ ದೊಡ್ಡ ತಂಡ ಸೇರಿ ಹಣವನ್ನೂ ಹೆಸರನ್ನೂ ಗಳಿಸುತ್ತಿದ್ದರು. ಆದರೆ ಅಕಾಡೆಮಿಯಲ್ಲಿ ಓದಿದವರು ಪಡೆಯಲ್ಲಿ ನಾಲ್ಕು ವರ್ಷ ಸೇವೆ ಸಲ್ಲಿಸಬೇಕಿತ್ತು. ಅಷ್ಟು ವರ್ಷ ಕಾಯುವವರು ಯಾರು? ಆದ್ದರಿಂದಲೇ 1964ರಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಅಷ್ಟು ದೊಡ್ಡ ಆಟಗಾರನ ಹೆಸರು ಬಂದದ್ದು ಹತ್ತನೇ ಸುತ್ತಿನಲ್ಲಿ. ಆರಿಸಿಕೊಂಡದ್ದು ಡಲ್ಲಾಸ್.

ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ಕಣ್ಣಿನ ದೋಷವಿದ್ದ ಕಾರಣ ಅವರಿಗೆ ಸಿಕ್ಕಿದ್ದು ಸರಬರಾಜು ವಿಭಾಗದ ಕೆಲಸ. ದೇಶದೊಳಗೇ ಇರಬಹುದಾಗಿತ್ತು, ತಾವಾಗಿಯೇ ಕೇಳಿಕೊಂಡು ಯುದ್ಧ ನಡೆಯುತ್ತಿದ್ದ ವಿಯೆಟ್ನಾಮಿಗೆ ಹೋದರು. ಚೂ ಲಾಯ್ ಎಂಬಲ್ಲಿ ಸಾಮಾನು ಇಳಿಸಿಕೊಳ್ಳುವುದು, ಲೆಕ್ಕವಿಡುವುದು, ಸೈನಿಕರಿಗೆ ಬೇಕಾದುದನ್ನು ತಲುಪಿಸುವುದು ಅವರ ಕೆಲಸವಾಗಿತ್ತು. ಅಲ್ಲಿ ಚಪ್ಪಾಳೆಯಿಲ್ಲ, ಪತ್ರಿಕೆಯವರಿಲ್ಲ. ಕೆಲಸ ಮುಗಿದ ಮೇಲೆ ಒಂದು ಚೆಂಡು ಹಿಡಿದುಕೊಂಡು ಎಸೆಯುವ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. 1968ರಲ್ಲಿ ತಮಗೆ ಸಿಕ್ಕಿದ ರಜೆಯನ್ನು ಡಲ್ಲಾಸ್ ತಂಡದ ತರಬೇತಿ ಶಿಬಿರದಲ್ಲಿ ಕಳೆದರು.

1969ರಲ್ಲಿ ತಂಡ ಸೇರಿದಾಗ ಅವರ ವಯಸ್ಸು 27. ಉಳಿದ ಹೊಸಬರು 21, 22ರ ಹುಡುಗರು. ಬಂದ ತಕ್ಷಣ ಸ್ಥಾನ ಸಿಗಲಿಲ್ಲ. ಕ್ರೇಗ್ ಮಾರ್ಟನ್ ಎಂಬ ಮತ್ತೊಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದರು. 1971ರ ಜನವರಿಯಲ್ಲಿ ಕೌಬಾಯ್ಸ್ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಆಡಿದಾಗ ಸ್ಟಾಬಾಕ್ ಒಂದು ಚೆಂಡನ್ನೂ ಎಸೆಯದೆ ಬೆಂಚಿನ ಮೇಲೆ ಕುಳಿತಿದ್ದರು. ಅದೇ ವರ್ಷದ ಅಕ್ಟೋಬರ್ 31ರಂದು ಷಿಕಾಗೊ ತಂಡದ ಎದುರು ತರಬೇತುದಾರ ಟಾಮ್ ಲ್ಯಾಂಡ್ರಿ ಇಬ್ಬರನ್ನೂ ಸರದಿಯಂತೆ ಆಡಿಸಿದರು: ಒಂದು ಸಲ ಇವರು, ಮರುಸಲ ಅವರು. ಆ ಪಂದ್ಯ ಸೋತಿತು. ಆಮೇಲೆ ಲ್ಯಾಂಡ್ರಿ ಸ್ಟಾಬಾಕ್ ಅವರನ್ನೇ ಆರಿಸಿದರು. ತಂಡ ಸತತವಾಗಿ 10 ಪಂದ್ಯ ಗೆದ್ದು, 1972ರ ಜನವರಿ 16ರಂದು ಸೂಪರ್ ಬೌಲನ್ನೂ ಗೆದ್ದಿತು. ಆ ದಿನದ ಅತ್ಯುತ್ತಮ ಆಟಗಾರ ಸ್ಟಾಬಾಕ್. ಪ್ರಶಸ್ತಿ ಪಡೆದ ವಿದ್ಯಾರ್ಥಿ ನಿಜವಾದ ಸ್ಥಾನ ಪಡೆಯಲು ಎಂಟು ವರ್ಷ ಕಾದಿದ್ದರು.

ಇನ್ನೊಂದು ಸಂಗತಿ. 1972ರ ಋತು ಪ್ರಾರಂಭವಾಗುವ ಮೊದಲೇ ಅವರ ಭುಜಕ್ಕೆ ದೊಡ್ಡ ಪೆಟ್ಟಾಯಿತು. ಹೆಚ್ಚು ಕಡಿಮೆ ಇಡೀ ವರ್ಷ ಹೊರಗೆ ಕುಳಿತರು. ಡಿಸೆಂಬರ್ 23ರಂದು ಸ್ಯಾನ್ ಫ್ರಾನ್ಸಿಸ್ಕೊ ತಂಡದ ಎದುರು ಡಲ್ಲಾಸ್ 28-13ರಿಂದ ಹಿಂದೆ ಬಿದ್ದಾಗ ಅವರನ್ನು ಒಳಗೆ ಕಳುಹಿಸಿದರು. ಕೊನೆಯ ಎರಡು ನಿಮಿಷಗಳಲ್ಲಿ ಎರಡು ಬಾರಿ ಗೆರೆ ದಾಟಿಸಿ 30-28ರಿಂದ ಗೆಲ್ಲಿಸಿದರು. ವರ್ಷವೆಲ್ಲ ಕುಳಿತವನು ಕರೆ ಬಂದ ಗಳಿಗೆಯಲ್ಲಿ ಸಿದ್ಧನಾಗಿದ್ದ. ಕುಳಿತಿದ್ದಾಗಲೂ ಸಿದ್ಧನಾಗುತ್ತಲೇ ಇದ್ದುದರಿಂದ ಅದು ಸಾಧ್ಯವಾಯಿತು.

ಆ 1975ರ ಚೆಂಡನ್ನು ಹಿಡಿದ ಡ್ರೂ ಪಿಯರ್ಸನ್ ಅವರನ್ನೂ ನೆನೆಯೋಣ. 1973ರಲ್ಲಿ ಯಾವ ತಂಡವೂ ಆರಿಸದೆ ಬಿಟ್ಟಿದ್ದ ಯುವಕ ಅವರು. ಡಲ್ಲಾಸಿಗೆ ಬಂದು ನೆಲೆಸಿ, ಆಟದ ಕಾಲವಲ್ಲದ ಕಾಲದಲ್ಲೂ ಸ್ಟಾಬಾಕ್ ಎಸೆದ ಚೆಂಡುಗಳನ್ನು ದಿನದಿನವೂ ಹಿಡಿಯುತ್ತಾ ಅಭ್ಯಾಸ ಮಾಡಿದರು. ಮುಂದೆ 2021ರಲ್ಲಿ ಅವರಿಗೂ ಆ ಆಟದ ಗೌರವ ಮಂದಿರದಲ್ಲಿ ಸ್ಥಾನ ಸಿಕ್ಕಿತು. ಆದ್ದರಿಂದ 1975ರ ಆ ಎಸೆತ ಕಣ್ಣು ಮುಚ್ಚಿ ಗಾಳಿಗೆ ತೂರಿದ ಚೆಂಡಲ್ಲ. ಎಸೆದವರೂ ಹಿಡಿದವರೂ ಖಾಲಿ ಮೈದಾನದಲ್ಲಿ ಎಷ್ಟೋ ಸಂಜೆ ಒಬ್ಬರನ್ನೊಬ್ಬರು ಅರಿತುಕೊಂಡಿದ್ದರು. ಕೊನೆಯ ಅರ್ಧ ನಿಮಿಷ ಆ ಸಂಜೆಗಳ ಫಲ.

ಸಂತ ಪೌಲರ ಕ್ರೀಡಾಪಟು

ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 9ನೇ ಅಧ್ಯಾಯದಲ್ಲಿ ಸಂತ ಪೌಲರು ಓಟಗಾರನ ಮತ್ತು ಮುಷ್ಟಿಕಾಳಗದವನ ಉಪಮೆಯನ್ನು ಕೊಡುತ್ತಾರೆ. ಕೊರಿಂಥದ ಜನರಿಗೆ ಅದು ಚೆನ್ನಾಗಿ ತಿಳಿದ ವಿಷಯ. ಅವರ ಊರ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನಿಗೆ ಸಿಗುತ್ತಿದ್ದುದು ಎಲೆಗಳಿಂದ ಹೆಣೆದ ಕಿರೀಟ. ನಾಲ್ಕು ದಿನದಲ್ಲಿ ಬಾಡಿಹೋಗುವ ಆ ಕಿರೀಟಕ್ಕಾಗಿ ಅವರು ಅಷ್ಟೊಂದು ಸಂಯಮದಿಂದ ಇರುವುದಾದರೆ, ಬಾಡದ ಕಿರೀಟಕ್ಕಾಗಿ ಓಡುವ ನಾವು ಹೇಗಿರಬೇಕು ಎಂಬುದು ಪೌಲರ ಪ್ರಶ್ನೆ. ಅವರು ಕ್ರೀಡಾಪಟುವಿನಲ್ಲಿ ಮೆಚ್ಚಿದ್ದು ಗೆಲುವನ್ನಲ್ಲ, ಗೆಲುವಿಗೆ ಮುಂಚಿನ ಶಿಸ್ತನ್ನು.

ಆ ಶಿಸ್ತಿನಲ್ಲಿ ವಿಧೇಯತೆಯೂ ಸೇರಿದೆ. ಮುಂದಿನ ಆಟ ಯಾವುದೆಂದು ತಾನೇ ತೀರ್ಮಾನಿಸಬೇಕೆಂಬ ಆಸೆ ಸ್ಟಾಬಾಕ್‌ಗೆ ಇತ್ತು. ಬಹಳ ಕ್ವಾರ್ಟರ್‌ಬ್ಯಾಕ್‌ಗಳು ಆಗ ಹಾಗೆಯೇ ಮಾಡುತ್ತಿದ್ದರು. ಆದರೆ ಲ್ಯಾಂಡ್ರಿ ಆ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ಹೊರಗಿನಿಂದ ಒಬ್ಬೊಬ್ಬ ಆಟಗಾರನ ಬಾಯಲ್ಲಿ ಸೂಚನೆ ಕಳುಹಿಸುತ್ತಿದ್ದರು. ಸ್ಟಾಬಾಕ್‌ಗೆ ಅದು ಹಿಡಿಸಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಆದರೂ ಬಂದ ಸೂಚನೆಯನ್ನು ತನ್ನದೇ ಎಂಬಂತೆ ಪೂರ್ಣ ಮನಸ್ಸಿನಿಂದ ಆಡಿದರು. ಒಪ್ಪಿಗೆಯಾದಾಗ ವಿಧೇಯರಾಗುವುದು ಸುಲಭ. ಒಪ್ಪಿಗೆಯಾಗದಾಗಲೂ ಕೆಲಸ ಕೆಡಿಸದೆ ಮಾಡುವುದು ಪ್ರೌಢರ ಲಕ್ಷಣ. ಮನೆಯಲ್ಲಿ, ಸಂಘಗಳಲ್ಲಿ, ಧರ್ಮಕೇಂದ್ರದ ಸಮಿತಿಗಳಲ್ಲಿ ನಮ್ಮ ಮಾತು ನಡೆಯದೆ ಹೋದ ಕೂಡಲೇ ಕೈಕಟ್ಟಿ ಕೂರುವ ನಮಗೆ ಇದೊಂದು ಪಾಠ.

ಪ್ರಾರ್ಥನೆ ಮಂತ್ರವಲ್ಲ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸ್ಟಾಬಾಕ್ ‘ನಮೋ ಮರಿಯ’ ಹೇಳಿದ್ದರಿಂದ ದೇವಮಾತೆ ಡಲ್ಲಾಸಿನ ಪಕ್ಷ ವಹಿಸಿದರೇ? ವೈಕಿಂಗ್ಸ್ ತಂಡದಲ್ಲೂ ಮೈದಾನದ ಮೆಟ್ಟಿಲುಗಳ ಮೇಲೂ ಪ್ರಾರ್ಥಿಸಿದವರು ಇದ್ದಿರಲಾರರೇ? ಅವರ ಪ್ರಾರ್ಥನೆಗೆ ಕಿವಿಯಿರಲಿಲ್ಲವೇ?

ಉತ್ತರವನ್ನು ಸ್ಟಾಬಾಕ್ ಅವರ ಜೀವನವೇ ಕೊಡುತ್ತದೆ. ಆ ಪಂದ್ಯವಾಗಿ ಸರಿಯಾಗಿ ಮೂರು ವಾರಕ್ಕೆ, 1976ರ ಜನವರಿ 18ರಂದು, ಸೂಪರ್ ಬೌಲಿನಲ್ಲಿ ಪಿಟ್ಸ್‌ಬರ್ಗ್ ತಂಡದ ಎದುರು ಅವರು ಅದೇ ಸ್ಥಿತಿಯಲ್ಲಿ ನಿಂತಿದ್ದರು: ಅದೇ ನಾಲ್ಕು ಅಂಕಗಳ ಹಿನ್ನಡೆ, ಅದೇ ಕೊನೆಯ ಗಳಿಗೆ. ಅವರ ಕಟ್ಟಕಡೆಯ ಎಸೆತ ಎದುರಾಳಿಯ ಕೈ ಸೇರಿತು. ಪಿಟ್ಸ್‌ಬರ್ಗ್ 21, ಡಲ್ಲಾಸ್ 17. ಮೂರು ವಾರಗಳಲ್ಲಿ ದೇವರು ಬದಲಾಗಲಿಲ್ಲ, ದೇವಮಾತೆಯೂ ಬದಲಾಗಲಿಲ್ಲ, ಆಟಗಾರನ ವಿಶ್ವಾಸವೂ ಕಡಿಮೆಯಾಗಿರಲಿಲ್ಲ. ಪ್ರಾರ್ಥನೆ ಎಂಬುದು ಹೇಳಿದ ಕೂಡಲೇ ಫಲ ಕೊಡುವ ಮಂತ್ರವಲ್ಲ ಎಂಬುದೇ ಇದರ ಅರ್ಥ. ಹೀಗೆ ಹೇಳಿದರೆ ಹಾಗೆ ಆಗಲೇಬೇಕು ಎಂದು ದೇವರನ್ನು ಕಟ್ಟಿಹಾಕುವುದು ಮಾಟದ ಬುದ್ಧಿ. ನಿನ್ನ ಕೈಯಲ್ಲಿದ್ದೇನೆ, ಏನಾದರೂ ನಿನ್ನನ್ನು ಬಿಡೆನು ಎನ್ನುವುದು ಮಕ್ಕಳ ಬುದ್ಧಿ.

1975ರ ಆ ದಿನಕ್ಕೆ ಸೇರಿದ ಮತ್ತೊಂದು ಘಟನೆಯುಂಟು. ಅದನ್ನು ನೆನೆಯುವವರು ಕಡಿಮೆ. ವೈಕಿಂಗ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಫ್ರಾನ್ ಟಾರ್ಕೆಂಟನ್. ಅವರ ತಂದೆ ಒಬ್ಬ ಧರ್ಮಬೋಧಕರು. ಜಾರ್ಜಿಯ ರಾಜ್ಯದ ತಮ್ಮ ಊರಿನಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ಮಗನ ಆಟ ನೋಡುತ್ತಿದ್ದರು. ಪಂದ್ಯ ನಡೆಯುತ್ತಿರುವಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಮೈದಾನದಲ್ಲಿದ್ದ ಮಗನಿಗೆ ಗೊತ್ತಾದದ್ದು ಆಟ ಮುಗಿದ ಮೇಲೆ. ಮೈದಾನದಲ್ಲಿ ಜನ ಕೂಗುತ್ತಿದ್ದರು. ತೀರ್ಪಿನ ಮೇಲಿನ ಸಿಟ್ಟಿಗೆ ಯಾರೋ ಎಸೆದ ಬಾಟಲಿ ತೀರ್ಪುಗಾರರೊಬ್ಬರ ಹಣೆಗೆ ತಗುಲಿ ರಕ್ತ ಸುರಿಯಿತು. ಅಷ್ಟೆಲ್ಲ ಗದ್ದಲದ ನಡುವೆ, ದೂರದ ಒಂದು ಮನೆಯಲ್ಲಿ, ಒಬ್ಬರ ನಿಜವಾದ ಕೊನೆಯ ಗಳಿಗೆ ಸದ್ದಿಲ್ಲದೆ ಬಂದು ಹೋಗಿತ್ತು. ಆ ಗಳಿಗೆಗೆ ಗಡಿಯಾರವಿಲ್ಲ. ಅರ್ಧ ನಿಮಿಷ ಉಳಿದಿದೆ ಎಂದು ಎಚ್ಚರಿಸುವವರಿಲ್ಲ.

‘ಈಗ’ ಎಂಬ ಮಾತು

‘ನಮೋ ಮರಿಯ’ ಪ್ರಾರ್ಥನೆಯ ಕೊನೆಯ ಭಾಗವನ್ನು ನೆನಪಿಗೆ ತಂದುಕೊಳ್ಳಿ. ಇಂದು ನಾವು ಹೇಳುವ ರೂಪದಲ್ಲಿ ಅದು ನೆಲೆಗೊಂಡದ್ದು 1568ರಲ್ಲಿ, ಜಗದ್ಗುರು ಸಂತ ಐದನೇ ಪಯಸ್ ಅವರ ಕಾಲದಲ್ಲಿ, ಗುರುಗಳ ನಿತ್ಯ ಪ್ರಾರ್ಥನಾ ಗ್ರಂಥ ಹೊರಬಂದಾಗ. ಆ ಭಾಗದಲ್ಲಿ ನಾವು ದೇವಮಾತೆಯನ್ನು ಎರಡು ಸಮಯಗಳಲ್ಲಿ ನಮಗಾಗಿ ಪ್ರಾರ್ಥಿಸಬೇಕೆಂದು ಬೇಡುತ್ತೇವೆ. ಒಂದು, ಈಗ. ಇನ್ನೊಂದು, ನಮ್ಮ ಮರಣದ ಸಮಯದಲ್ಲಿ. ಧರ್ಮಸಭೆ ಎಷ್ಟು ಜಾಣತನದಿಂದ ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿದೆ ನೋಡಿ! ಎರಡರಲ್ಲಿ ಒಂದು ಮಾತ್ರ ನಮ್ಮ ಕೈಯಲ್ಲಿದೆ. ಅದು ‘ಈಗ’.

ಲೋಕದ ‘ಹೇಲ್ ಮೇರಿ’ಗೆ ಎರಡನೆಯ ಸಮಯ ಮಾತ್ರ ಗೊತ್ತು. ಎಲ್ಲ ಕೈಬಿಟ್ಟ ಮೇಲೆ ಮರಿಯಮ್ಮ. ಜಪಸರವಾದರೋ ಮೊದಲನೆಯದನ್ನು ಕಲಿಸುತ್ತದೆ. ಐದು ರಹಸ್ಯಗಳ ಒಂದು ಜಪಸರದಲ್ಲಿ 53 ಬಾರಿ ‘ನಮೋ ಮರಿಯ’; 53 ಬಾರಿ ‘ಈಗ’. ಒಲೆಯ ಮೇಲೆ ಅನ್ನ ಬೇಯುತ್ತಿರುವಾಗ ಈಗ, ಮಗು ಹಟ ಮಾಡುತ್ತಿರುವಾಗ ಈಗ, ಸಾಲ ತೀರದೆ ನಿದ್ದೆ ಬಾರದಿರುವಾಗ ಈಗ. ಮನಸ್ಸು ಎಲ್ಲೋ ಅಲೆಯುತ್ತಿದ್ದರೂ ಬೆರಳು ಒಂದೊಂದೇ ಮಣಿಯನ್ನು ದಾಟಿಸುತ್ತದೆ. ಸಪ್ಪೆ ಎನಿಸಬಹುದು. ಖಾಲಿ ಮೈದಾನದಲ್ಲಿ ಅದೇ ಚೆಂಡನ್ನು ನೂರನೇ ಸಲ ಎಸೆಯುವುದೂ ಸಪ್ಪೆಯೇ. ಆದರೆ ಕೈಗೆ ದಾರಿ ಗೊತ್ತಾಗುವುದು ಹಾಗೆಯೇ. ಹೃದಯಕ್ಕೆ ದಾರಿ ಗೊತ್ತಾಗುವುದೂ ಹಾಗೆಯೇ.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭು ಯೇಸು ಹತ್ತು ಕನ್ನಿಕೆಯರ ಸಾಮತಿ ಹೇಳುತ್ತಾರೆ. ಹತ್ತು ಮಂದಿಯ ಕೈಯಲ್ಲೂ ದೀಪವಿತ್ತು, ಹತ್ತು ಮಂದಿಯೂ ತೂಕಡಿಸಿದರು. ವ್ಯತ್ಯಾಸವಿದ್ದದ್ದು ಎಣ್ಣೆಯಲ್ಲಿ ಮಾತ್ರ. ಮದುಮಗ ಬಂದನೆಂಬ ಕೂಗು ಕೇಳಿದ ಮೇಲೆ ಎಣ್ಣೆ ಕೊಳ್ಳಲು ಹೊರಟವರಿಗೆ ಬಾಗಿಲು ಮುಚ್ಚಿತ್ತು. ಜಾಣೆಯರು ತಮ್ಮ ಎಣ್ಣೆಯನ್ನು ಹಂಚಿಕೊಡಲಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಹಂಚಿಕೊಡಲಾಗದ ಕೆಲವು ವಸ್ತುಗಳಿವೆ. ಒಬ್ಬನು ಹತ್ತು ವರ್ಷ ಮಾಡಿದ ಅಭ್ಯಾಸವನ್ನು ಇನ್ನೊಬ್ಬನು ಪಂದ್ಯದ ದಿನ ಕಡ ತೆಗೆದುಕೊಳ್ಳಲಾರ. ತಾಯಿಯ ಭಕ್ತಿಯನ್ನು ಮಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಡ ಕೇಳಲಾರ.

ನಮ್ಮ ಮನೆಗಳ ಕಡೆಗೆ

ನಮ್ಮ ಎಷ್ಟೋ ಕುಟುಂಬಗಳಲ್ಲಿ ಸಂಜೆಯ ಪ್ರಾರ್ಥನೆ ನಿಂತುಹೋಗಿದೆ. ಒಬ್ಬರು ಟೆಲಿವಿಷನ್ನಿನ ಮುಂದೆ, ಒಬ್ಬರು ಮೊಬೈಲಿನ ಮುಂದೆ, ಒಬ್ಬರು ಇನ್ನೂ ಕೆಲಸದಿಂದ ಬಂದಿಲ್ಲ. ಪರೀಕ್ಷೆಯ ಹಿಂದಿನ ದಿನ ಗವಿಯ ಮುಂದೆ ಮೇಣದ ಬತ್ತಿ ಉರಿಯುತ್ತದೆ. ವೈದ್ಯರು ತಲೆ ಅಲ್ಲಾಡಿಸಿದ ದಿನ ಹರಕೆ ನೆನಪಾಗುತ್ತದೆ. ಸಂಬಂಧ ಮುರಿದು ವಕೀಲರ ನೋಟಿಸು ಬಂದ ದಿನ ಗುರುಗಳಿಗೆ ಫೋನ್ ಹೋಗುತ್ತದೆ. ಇದು ತಪ್ಪೆಂದು ಹೇಳುತ್ತಿಲ್ಲ. ಕಷ್ಟ ಬಂದಾಗ ತಾಯಿಯನ್ನು ಕೂಗದ ಮಗು ಯಾವುದು? ಆದರೆ ಕಷ್ಟ ಬಂದಾಗ ಮಾತ್ರ ತಾಯಿಯನ್ನು ನೆನೆಯುವ ಮಗನಿಗೆ, ಆ ತಾಯಿಯ ದನಿಯ ಗುರುತೇ ಉಳಿದಿರುವುದಿಲ್ಲ. ಅವಳು ಮಾತನಾಡಿದರೂ ಅವನಿಗೆ ಕೇಳಿಸುವುದಿಲ್ಲ.

ಹಾಗಾದರೆ ತಡವಾಗಿ ಬಂದವರಿಗೆ ಆಶೆಯಿಲ್ಲವೇ? ಖಂಡಿತವಾಗಿ ಇದೆ. ಕಲ್ವಾರಿಯಲ್ಲಿ ಯೇಸುವಿನ ಪಕ್ಕದ ಶಿಲುಬೆಯಲ್ಲಿ ತೂಗುತ್ತಿದ್ದ ಕಳ್ಳನು ಜೀವಮಾನದ ಕೊನೆಯ ಗಳಿಗೆಯಲ್ಲಿ ಒಂದೇ ಒಂದು ಪ್ರಾರ್ಥನೆ ಮಾಡಿದ. ಅಂದೇ ಅವನಿಗೆ ಪರಂಧಾಮ ದೊರೆಯಿತು. ದೇವರ ಕರುಣೆಗೆ ಗಡುವಿಲ್ಲ. ಸಾಯುವ ಮಂಚದಲ್ಲಿರುವವರಿಗೂ, ಹತ್ತಿಪ್ಪತ್ತು ವರ್ಷ ಪಾಪನಿವೇದನೆ ಮಾಡದವರಿಗೂ ಬಾಗಿಲು ತೆರೆದೇ ಇದೆ. ಆದರೆ ಅಂಥ ಕರುಣೆಯನ್ನು ನಂಬಿ ‘ಕೊನೆಗೆ ನೋಡಿಕೊಳ್ಳೋಣ’ ಎಂದು ದಿನ ಕಳೆಯುವವನು ಆ ಕಳ್ಳನಂತೆ ಅಲ್ಲ. ಕಳ್ಳನು ತನಗೆ ಸಿಕ್ಕಿದ ಮೊದಲ ‘ಈಗ’ವನ್ನೇ ಹಿಡಿದುಕೊಂಡ. ನಮಗೆ ಸಾವಿರ ‘ಈಗ’ಗಳು ಸಿಕ್ಕಿವೆ.

ಇನ್ನೊಂದು ಮಾತನ್ನು ಬಹಳ ಮೆಲ್ಲಗೆ ಹೇಳಬೇಕಾಗಿದೆ. ಪ್ರಾರ್ಥಿಸಿಯೂ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ರಾತ್ರಿಯೆಲ್ಲ ಜಪಸರ ಹಿಡಿದು ಕುಳಿತರೂ ಬೆಳಗಿನ ಹೊತ್ತಿಗೆ ಮಗು ಉಳಿಯಲಿಲ್ಲ. ‘ನನ್ನ ಪ್ರಾರ್ಥನೆಯಲ್ಲಿ ಏನು ಕೊರತೆಯಿತ್ತು?’ ಎಂದು ಆ ತಾಯಿ ಕೇಳುತ್ತಾಳೆ. ಅಮ್ಮಾ, ಏನೂ ಕೊರತೆಯಿರಲಿಲ್ಲ. ನೀವು ಯಾರ ಹೆಸರನ್ನು ಕರೆದಿರೋ ಆ ತಾಯಿಯೂ ಶಿಲುಬೆಯ ಬುಡದಲ್ಲಿ ನಿಂತಿದ್ದರು. ಅವರ ಮಗನನ್ನು ಯಾರೂ ಜೀವಂತವಾಗಿ ಕೆಳಗಿಳಿಸಲಿಲ್ಲ. ಪವಾಡ ನಡೆಯದ ಆ ಶುಕ್ರವಾರವೂ ಅವರು ಅಲ್ಲಿಂದ ಕದಲಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ದಿನದಿನವೂ ದೇವರಿಗೆ ಆಗಲಿ ಎನ್ನುತ್ತಾ ಬಂದವರಿಗೆ ಮಾತ್ರ ಅಂಥ ದಿನ ಕಾಲು ನಿಲ್ಲುತ್ತದೆ. ಆ ರಾತ್ರಿ ನಿಮ್ಮ ಕೈಯಲ್ಲಿದ್ದ ಜಪಸರ ವ್ಯರ್ಥವಾಗಲಿಲ್ಲ. ನಿಮ್ಮೊಡನೆ ಕುಳಿತಿದ್ದವರು ಯಾರೆಂಬುದು ಒಂದು ದಿನ ನಿಮಗೆ ತಿಳಿಯುತ್ತದೆ.

ಕೊನೆಯ ಎಸೆತ

ಸ್ಟಾಬಾಕ್ ಒಟ್ಟು ಎರಡು ಸೂಪರ್ ಬೌಲ್ ಗೆದ್ದರು. 1979ರ ಜನವರಿಯಲ್ಲಿ ಮತ್ತೊಮ್ಮೆ ಪಿಟ್ಸ್‌ಬರ್ಗ್ ಎದುರು ಸೋತಾಗ, ಜೊತೆಗಾರನೊಬ್ಬ ಗೆರೆಯೊಳಗೆ ಸುಲಭದ ಚೆಂಡನ್ನು ಕೈಚೆಲ್ಲಿದನೆಂದು ಎಲ್ಲರೂ ಅವನನ್ನು ದೂರಿದರು. ತನ್ನ ಎಸೆತವೂ ಇನ್ನಷ್ಟು ಚೆನ್ನಾಗಿರಬಹುದಿತ್ತು ಎಂದು ಹೇಳಿ ಸ್ಟಾಬಾಕ್ ಆ ನಿಂದೆಯಲ್ಲಿ ಪಾಲು ತೆಗೆದುಕೊಂಡರು. ಗೆಲುವಿನ ಹೊಗಳಿಕೆ ಹಂಚಿಕೊಳ್ಳುವವರು ಹಲವರು. ಸೋಲಿನ ಭಾರ ಹಂಚಿಕೊಳ್ಳುವವರು ಕೆಲವರು.

1979ರ ಋತುವಿನಲ್ಲೂ ಎಸೆತದ ಅಂಕಪಟ್ಟಿಯಲ್ಲಿ ಅವರೇ ಮೊದಲಿಗರು. ಆದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದಿತ್ತು. ಹೆಂಡತಿ, ಮಕ್ಕಳ ಭವಿಷ್ಯವನ್ನೂ ನೋಡಿಕೊಳ್ಳಬೇಕಿತ್ತು. 1980ರ ಮಾರ್ಚ್‌ನಲ್ಲಿ, 38ನೇ ವಯಸ್ಸಿನಲ್ಲಿ, ಆಟ ಬಿಟ್ಟರು. ಆಡುತ್ತಿದ್ದ ಕಾಲದಲ್ಲೇ ಆಟವಿಲ್ಲದ ತಿಂಗಳುಗಳಲ್ಲಿ ಕಟ್ಟಡ ಮತ್ತು ಜಾಗಗಳ ವ್ಯವಹಾರದ ಕೆಲಸ ಕಲಿತಿದ್ದರು. 1977ರಲ್ಲಿ ಸ್ವಂತ ಸಂಸ್ಥೆ ಪ್ರಾರಂಭಿಸಿದ್ದರು. ಚಪ್ಪಾಳೆ ನಿಂತ ಮೇಲಿನ ದಿನಗಳಿಗೂ ಅವರು ಮೊದಲೇ ಎಣ್ಣೆ ತುಂಬಿಸಿಟ್ಟಿದ್ದರು.

ಅವರ ಕೊನೆಯ ಪಂದ್ಯ 1979ರ ಡಿಸೆಂಬರ್ 30ರಂದು. ಆ ಪಂದ್ಯವೂ ಸೋಲು. ಅವರು ಎಸೆದು ಜೊತೆಗಾರನ ಕೈ ಸೇರಿದ ಕೊನೆಯ ಚೆಂಡನ್ನು ಹಿಡಿದವನು, ನಿಯಮದ ಪ್ರಕಾರ ಚೆಂಡು ಹಿಡಿಯಲೇಬಾರದ ಆಟಗಾರ! ಜಗತ್ತು ನೆನಪಿಟ್ಟುಕೊಂಡಿರುವ ಎಸೆತವೊಂದು, ಜೀವನ ಕೊಟ್ಟ ಕೊನೆಯ ಎಸೆತವೊಂದು. ನಮ್ಮ ಕೊನೆಯ ಗಳಿಗೆಯೂ ಸುಂದರವಾಗಿಯೇ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಪ್ರಜ್ಞೆಯಿಲ್ಲದೆ ಇರಬಹುದು, ಬಾಯಿ ಬಾರದೆ ಇರಬಹುದು, ಪಕ್ಕದಲ್ಲಿ ಗುರುಗಳಿಲ್ಲದಿರಬಹುದು. ಆಗ ನಮ್ಮ ಪರವಾಗಿ ನಿಲ್ಲುವುದು ನಾವು ಇಂದು ಹೇಳಿದ ‘ನಮೋ ಮರಿಯ’. ಮರಣದ ಸಮಯದಲ್ಲಿ ನಮಗಾಗಿ ಪ್ರಾರ್ಥಿಸು ಎಂದು ಈಗಲೇ ಬೇಡಿಕೊಂಡಿದ್ದೇವಲ್ಲ. ತಾಯಿ ಅದನ್ನು ಮರೆಯುವವಳಲ್ಲ.

ಚಿಂತನೆಗೆ

ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ಕೊನೆಯ ಸಲ ಪ್ರಾರ್ಥಿಸಿದ್ದು ಯಾವಾಗ? ಅದು ಯಾವುದೋ ಕಷ್ಟ ಬಂದ ದಿನವೇ, ಸಾಧಾರಣ ದಿನವೇ?

ಯಾರೂ ನೋಡದ, ಯಾರೂ ಹೊಗಳದ ಕೆಲಸವನ್ನು ನಾನು ಯಾವ ಮನಸ್ಸಿನಿಂದ ಮಾಡುತ್ತಿದ್ದೇನೆ?

ಈಡೇರದ ಒಂದು ಪ್ರಾರ್ಥನೆಯ ಕಾರಣ ದೇವರೊಡನೆ ಮಾತು ಬಿಟ್ಟವರು ನನ್ನ ನೆರೆಯಲ್ಲಿ ಇದ್ದಾರೆಯೇ? ಅವರ ಮನೆಗೆ ಈ ವಾರ ಹೋಗಿ ಬರಬಲ್ಲೆನೇ?

ಇಡೀ ಜಪಸರ ಸಾಧ್ಯವಾಗದಿದ್ದರೆ ಇಂದು ರಾತ್ರಿ ಊಟಕ್ಕೆ ಮುಂಚೆ ಒಂದೇ ಒಂದು ರಹಸ್ಯ, ಹತ್ತು ‘ನಮೋ ಮರಿಯ’, ಮನೆಯವರೆಲ್ಲ ಕೂಡಿ ಹೇಳಿ. ಮೊಬೈಲುಗಳು ಇನ್ನೊಂದು ಕೋಣೆಯಲ್ಲಿರಲಿ. ಚಿಕ್ಕ ಮಗುವೇ ಮೊದಲು ಹೇಳಿಕೊಡಲಿ. ‘ಈಗ’ ಎಂಬ ಮಾತು ಬಂದಾಗ ಒಂದು ಕ್ಷಣ ನಿಧಾನಿಸಿ. ನಾಳೆಯೂ ಹಾಗೆಯೇ ಮಾಡಿ, ನಾಡಿದ್ದೂ ಮಾಡಿ. ದೇವಮಾತೆ ನಿಮ್ಮ ಮನೆಯನ್ನು ಕಾಪಾಡಲಿ.